ಜೇಬಕ್ಕನ ಬಾಯಿಂದ ಹೋದ ಕೋಟು

ಇಪ್ಪತ್ತಾರು ವರ್ಷ ಊರವರ ಜೇಬಿಗೆಲ್ಲ ಕೈ ಹಾಕಿದ ಹೆಂಗಸು ಅವಳು. ಕಳ್ಳಿ ಅಂದುಕೊಳ್ಳಬೇಡಿ, ಲಾಂಡ್ರಿಯವಳು. ತೊಳೆಯಲು ಬಂದ ಬಟ್ಟೆ ಮೊದಲು ಅವಳ ಮೇಜಿಗೇ ಬರಬೇಕು. ಜೇಬು ತಡಕಿ, ಸಿಕ್ಕಿದ್ದನ್ನು ಕಂದು ಲಕೋಟೆಗೆ ಹಾಕಿ, ಲಕೋಟೆಯನ್ನು ರಸೀತಿ ಚೀಟಿಗೆ ಪಿನ್ನಿನಿಂದ ಚುಚ್ಚಿ, ಬಟ್ಟೆಯ ಒಳಅಂಚಿಗೆ ನಂಬರಿನ ಪಟ್ಟಿ ಹೊಲಿದು ಅವಳು ಒಳಗೆ ಕಳಿಸಬೇಕು. ಅದಕ್ಕೇ ಜೇಬಕ್ಕ ಅಂತ ಹೆಸರು ಬಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಅವಳ ತಾಯಿಯೊಬ್ಬಳ ನಾಲಿಗೆಯಲ್ಲಿ ಉಳಿದಿತ್ತು. ಆಕೆಯೂ ಆ ಹೆಸರಿನಿಂದ ಕರೆಯುತ್ತಿದ್ದದ್ದು ಸಿಟ್ಟು ಬಂದಾಗ ಮಾತ್ರ.

ಜೇಬಿನಲ್ಲಿ ಏನೇನಿರುತ್ತದೆ ಅಂತೀರಿ! ಅರ್ಧ ಕಚ್ಚಿದ ಬಿಸ್ಕತ್ತು, ಮೂಗೊರೆಸಿ ಗಟ್ಟಿಯಾದ ಕರವಸ್ತ್ರ, ಕಟ್ಟಿಸಿದ ಹಲ್ಲಿನ ಸೆಟ್ಟು, ಬೆವರಿಗೆ ಕರಗಿ ಬಟ್ಟೆಗೇ ಅಂಟಿದ ಮಾತ್ರೆ, ಒಂದು ಸಲ ಒಣಗಿದ ಹಲ್ಲಿ. ಕೂಸು ಕಕ್ಕಿದ ಹೆಗಲು, ಮುದುಕರ ಪ್ಯಾಂಟಿನ ಮುಂಭಾಗ, ಕುಡಿದು ಬಿದ್ದವರ ತೋಳು, ಎಲ್ಲವೂ ಅವಳ ಕೈ ಹಾಯ್ದೇ ಹೋಗಬೇಕು. ಒಂದು ದಿನವೂ ಅವಳು ಮೂಗು ಮುರಿದವಳಲ್ಲ. ಹೊಸದಾಗಿ ಸೇರಿದವರು ಹೊಟ್ಟೆ ಹಿಡಿದುಕೊಂಡು ಹಿತ್ತಲಿಗೆ ಓಡಿದರೆ, "ಅಯ್ಯೋ, ಇದು ಬರೀ ಕೊಳೆ ಕಣ್ರೋ, ನೀರು ಹಾಕಿದ್ರೆ ಹೋಗುತ್ತೆ" ಅಂತ ನಗುತ್ತಿದ್ದಳು. ಅಂಥವಳಿಗೆ ಐವತ್ತನೆಯ ವಯಸ್ಸಿನಲ್ಲಿ, ಫಳಫಳ ಹೊಳೆಯುವ ಒಂದು ಕೋಣೆಯಲ್ಲಿ ಕೂತಾಗ ವಾಕರಿಕೆ ಬಂತು. ಅದು ಹೇಗೆ ಬಂತು ಅನ್ನುವುದೇ ಈ ಕತೆ.

ಆ ಲಾಂಡ್ರಿಯಲ್ಲಿ ಎರಡು ಕಟ್ಟಳೆಗಳಿದ್ದವು. ಮಡಿಚಿದ ಕಾಗದವನ್ನು ಬಿಚ್ಚಬಾರದು ಅನ್ನುವುದು ಒಂದು. ಗಿರಾಕಿಯ ಹೆಸರು ಎತ್ತಬಾರದು ಅನ್ನುವುದು ಇನ್ನೊಂದು. ಹೆಸರು ಮಾಲೀಕರ ಪುಸ್ತಕದಲ್ಲಿ ಇರುತ್ತಿತ್ತು, ಪುಸ್ತಕ ಅವರ ಮೇಜಿನ ಡ್ರಾಯರಿನಲ್ಲಿ. ಕಲೆಯನ್ನೂ ಹೆಸರನ್ನೂ ಒಟ್ಟಿಗೆ ಇಡಬಾರದು ಅನ್ನುತ್ತಿದ್ದರು ಆ ಪುಣ್ಯಾತ್ಮರು. ಹಾಗಾಗಿ ಒಳಗೆ ಮನುಷ್ಯರಿಗೆಲ್ಲ ಬಟ್ಟೆಯದೇ ಗುರುತು. "ನೀಲಿ ಗೀಟು ಬಂತು ನೋಡು." "ಸುಟ್ಟ ತೋಳಿಗೆ ಇವತ್ತೇ ಕೊಡಬೇಕಂತೆ." "ಆ ಹರಿದ ಕಾಲರು ಮತ್ತೆ ಜಗಳ ತೆಗೆದ." ಇಸ್ತ್ರಿ ಹಾಕುವ ಇಸ್ತ್ರಿಯಣ್ಣನಂತೂ ಬೀದಿಯಲ್ಲಿ ಎದುರಾದವರ ಮುಖ ನೋಡುತ್ತಲೇ ಇರಲಿಲ್ಲ, ಅಂಗಿ ನೋಡಿ ನಮಸ್ಕಾರ ಹೇಳುತ್ತಿದ್ದ. ಹೆಸರು ಹೇಳದಿದ್ದರೆ ಏನೂ ಹೇಳಿದ ಹಾಗಲ್ಲ ಅನ್ನುವುದು ಜೇಬಕ್ಕನ ಮೈಯಲ್ಲೇ ಸೇರಿಹೋಗಿತ್ತು. ಅವಳು ಕೆಟ್ಟದ್ದೂ ಅಲ್ಲಿಯೇ.

ಮನೆಯಲ್ಲಿ ಅವಳು ಮತ್ತು ಅವಳ ತಾಯಿ, ಇಬ್ಬರೇ. ತಾಯಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ನಾಲಿಗೆಗೆ ಏನೂ ಬಂದಿರಲಿಲ್ಲ. ಗುರುವಾರ ಸಂಜೆ ವಾರಪತ್ರಿಕೆ ತಂದು ಧಾರಾವಾಹಿ ಓದಿ ಹೇಳದಿದ್ದರೆ ಆಕೆ ಊಟಕ್ಕೆ ಏಳುತ್ತಿರಲಿಲ್ಲ. ಆ ಧಾರಾವಾಹಿ ಬರೆಯುವಾಕೆ ದೊಡ್ಡ ಹೆಸರಿನ ಪ್ರೇಮಕತೆಗಾರ್ತಿ, ಅದೇ ಊರಿನವಳು. ಇವರಿಬ್ಬರೂ ಆಕೆಯನ್ನು ಕತೆಯಮ್ಮ ಅನ್ನುತ್ತಿದ್ದರು. ಪತ್ರಿಕೆಯ ಕೊನೆಯ ಪುಟದಲ್ಲಿ ಓದುಗರ ಪ್ರಶ್ನೆಗೂ ಕತೆಯಮ್ಮನೇ ಉತ್ತರ ಕೊಡುತ್ತಿದ್ದಳು. ಒಂದು ವಾರ ಯಾರೋ ಕೇಳಿದ್ದರು: ಇಷ್ಟು ಚೆಂದದ ಪ್ರೇಮಕತೆಗಳಿಗೆ ನಿಮಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ? ಉತ್ತರ: ಬೆಳದಿಂಗಳಿಂದ, ಮೌನದಿಂದ, ಕಿಟಕಿಯಾಚೆ ಉದುರುವ ಒಂದು ಎಲೆಯಿಂದ.

"ಎಲೆಯಿಂದಾನಾ?" ಅಂದಿದ್ದಳು ತಾಯಿ. "ನಾನು ಎಪ್ಪತ್ತು ವರ್ಷದಿಂದ ಎಲೆ ಗುಡಿಸ್ತಿದ್ದೀನಿ, ನಂಗೇನೂ ಬರಲಿಲ್ಲವಲ್ಲೇ."

"ನಿಂಗೆ ಸೊಂಟನೋವು ಬಂತಲ್ಲಮ್ಮ" ಅಂದಿದ್ದಳು ಜೇಬಕ್ಕ.

ಆ ಕತೆಯಮ್ಮ ಒಂದು ದಿನ ಲಾಂಡ್ರಿಗೇ ಬಂದಳು, ಶಾಲಿನ ಮೇಲೆ ಕಾಫಿ ಚೆಲ್ಲಿಕೊಂಡು. ಪತ್ರಿಕೆಯ ಫೋಟೋದಲ್ಲಿ ಇದ್ದ ಹಾಗೇ ಇದ್ದಳು, ಸ್ವಲ್ಪ ದಪ್ಪ. ಜೇಬಕ್ಕನ ಕೈಯಲ್ಲಿದ್ದ ಸೂಜಿ ಅಲ್ಲೇ ನಿಂತಿತು. ಕತೆಯಮ್ಮ ಅವಳ ಮೇಜಿನ ಮೇಲಿದ್ದ ಲಕೋಟೆಗಳನ್ನು ನೋಡಿದಳು, ಅವಳನ್ನು ನೋಡಿದಳು, ಪಕ್ಕದ ಸ್ಟೂಲು ಎಳೆದುಕೊಂಡು ಕೂತುಬಿಟ್ಟಳು.

"ಅಕ್ಕಾ, ಇದೆಲ್ಲ ಜನರ ಜೇಬಲ್ಲಿ ಸಿಕ್ಕಿದ್ದಾ?"

ಅಕ್ಕ! ಅಷ್ಟು ದೊಡ್ಡವಳು ತನ್ನನ್ನು ಅಕ್ಕ ಅಂದಳಲ್ಲ ಅಂತ ಜೇಬಕ್ಕ ಕರಗಿ ನೀರಾದಳು.

ಆಮೇಲೆ ಕತೆಯಮ್ಮ ವಾರಕ್ಕೊಂದು ಸಲ ಬರತೊಡಗಿದಳು. ಶಾಲಿನಲ್ಲಿ ಕಲೆ ಇಲ್ಲದಿದ್ದರೂ ಬರುತ್ತಿದ್ದಳು. ಇಪ್ಪತ್ತಾರು ವರ್ಷದಲ್ಲಿ ಜೇಬಕ್ಕನ ಮಾತನ್ನು ಹಾಗೆ ಗಲ್ಲಕ್ಕೆ ಕೈಕೊಟ್ಟು, ಕಣ್ಣು ಅರಳಿಸಿ ಯಾರೂ ಕೇಳಿರಲಿಲ್ಲ. ಮಾಲೀಕರು ಕೇಳುತ್ತಿದ್ದದ್ದು "ಆಯ್ತಾ?" ಅನ್ನುವ ಒಂದೇ ಪ್ರಶ್ನೆ. ಇಸ್ತ್ರಿಯಣ್ಣ ಕೇಳುತ್ತಿದ್ದದ್ದು ರೇಡಿಯೋ. ಇವಳು ಕೇಳುತ್ತಿದ್ದಳು: "ಆಮೇಲೆ ಅಕ್ಕಾ?"

ಆಮೇಲೆ, ಆಮೇಲೆ ಅನ್ನುತ್ತ ಜೇಬಕ್ಕ ಒಂದು ದಿನ ಕೋಟಿನ ಮಾತು ತೆಗೆದಳು.

ಮಾರುಕಟ್ಟೆಯ ಮೂಲೆಯಲ್ಲಿ ತಕ್ಕಡಿ ರಿಪೇರಿ ಮಾಡುವ ಮುದುಕರೊಬ್ಬರಿದ್ದರು. ಎಲ್ಲರಿಗೂ ಅವರು ತಕ್ಕಡಿ ತಾತ. ಹೆಂಡತಿ ತೀರಿಕೊಂಡ ಮೇಲೆ, ಜೇಬಕ್ಕನ ಲೆಕ್ಕದಲ್ಲಿ ಏಳು ವರ್ಷದಿಂದ, ಪ್ರತಿ ವರ್ಷ ಚಳಿ ಶುರುವಾಗುವಾಗ ಆಕೆಯ ಕೋಟನ್ನು ಕೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಬರುತ್ತಿದ್ದರು. "ನೀರು ಮುಟ್ಟಿಸಬೇಡಮ್ಮಾ. ಧೂಳು ಕೊಡವಿ, ನೆರಳಲ್ಲಿ ಗಾಳಿಗೆ ಹಾಕಿ ಕೊಡು, ಸಾಕು" ಅನ್ನುತ್ತಿದ್ದರು. ಬಲಗಡೆ ಜೇಬಿನಲ್ಲಿ ನಾಲ್ಕು ಮಡಿಕೆಯ ಒಂದು ಹಳೇ ಬಸ್ ಟಿಕೆಟ್ಟು. ಅದನ್ನು ಲಕೋಟೆಗೆ ಹಾಕಿ, ಕೋಟು ಸಿದ್ಧವಾದ ಮೇಲೆ ಮತ್ತೆ ಅದೇ ಜೇಬಿಗೆ ಇಡುವುದು ಜೇಬಕ್ಕನ ಕೆಲಸ. ಅವಳು ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ.

ತಕ್ಕಡಿ, ಮಾರುಕಟ್ಟೆ ಎರಡನ್ನು ಮಾತ್ರ ಬಿಟ್ಟು ಮಿಕ್ಕಿದ್ದನ್ನೆಲ್ಲ ಜೇಬಕ್ಕ ಹೇಳಿದಳು. ಕತೆಯಮ್ಮ ಸ್ಟೂಲನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು. "ಯಾರಕ್ಕಾ ಅವರು?"

"ಅದೊಂದು ಕೇಳಬೇಡಿ ಕಣಮ್ಮಾ. ಹೆಸರು, ಕಸುಬು ಯಾವುದೂ ನಾವು ಹೇಳೋ ಹಾಗಿಲ್ಲ."

"ಸರಿ ಸರಿ, ಬೇಡ. ಕೋಟು ಹೇಗಿದೆ? ಅದನ್ನಾದ್ರೂ ಹೇಳಿ."

ಕೋಟು ತಾನೇ! ಬಾಯಿತುಂಬ ಹೇಳಿದಳು. ಇಟ್ಟಿಗೆ ಬಣ್ಣದ ಉಣ್ಣೆ. ಮೇಲಿಂದ ಮೂರನೇ ಗುಂಡಿ ಬೇರೆ, ಕಪ್ಪು, ಗಂಡಸಿನ ಪ್ಯಾಂಟಿನದು. ಎಡ ಮೊಣಕೈಯ ತೂತಿಗೆ ಬೂದು ನೂಲಿನ ರಫೂ, ಅಂಗೈಯಗಲ, ಆಕೆಯೇ ಹಾಕಿದ್ದಿರಬೇಕು. ಕಾಲರಿನ ತುದಿ ಸ್ವಲ್ಪ ಸುಟ್ಟಿದೆ.

ಕತೆಯಮ್ಮ ಅವಳ ಕೈ ಹಿಡಿದುಕೊಂಡಳು. ಅದೇ ಬಿಸಿಯಲ್ಲಿ "ನಿಮ್ಮೋರು ಏನ್ಮಾಡ್ತಾರೆ ಅಕ್ಕಾ?" ಅಂದಳು.

"ನಮ್ಮೋರಾ? ಹೊಲಿಯೋಕೆ ಕೊಟ್ಟಿರೋ ಅಂಗಿ ತರ್ತೀನಿ ಅಂತ ಹೋದೋರು. ಎರಡು ದಿನ ಬಿಟ್ಟು ದರ್ಜಿ ಅಂಗಿ ಕಳಿಸಿದ. ಅವರನ್ನ ಯಾರೂ ಕಳಿಸಲಿಲ್ಲ."

ಇಬ್ಬರೂ ನಕ್ಕರು. ಹತ್ತೊಂಬತ್ತು ವರ್ಷದಲ್ಲಿ ಆ ಮಾತಿಗೆ ಜೇಬಕ್ಕ ನಕ್ಕದ್ದು ಅದೇ ಮೊದಲು. ಎದೆ ಹಗುರವಾದಂತಿತ್ತು.

ಎರಡು ತಿಂಗಳ ಮೇಲೆ ಹೊಸ ಧಾರಾವಾಹಿ ಶುರುವಾಯಿತು. ಮೊದಲ ಕಂತನ್ನು ಓದುತ್ತ ಓದುತ್ತ ಜೇಬಕ್ಕನ ದನಿ ಏರಿತು. ಇಟ್ಟಿಗೆ ಬಣ್ಣದ ಕೋಟು, ಕಪ್ಪು ಗುಂಡಿ, ರಫೂ, ಟಿಕೆಟ್ಟು, ಎಲ್ಲವೂ ಇದ್ದವು. ಕೋಟನ್ನು ತಬ್ಬಿಕೊಂಡು ಮಲಗುವ ಮುದುಕನ ವರ್ಣನೆ ಕೇಳಿ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇದು ನಾನು ಹೇಳಿದ್ದು ಕಣಮ್ಮಾ! ನಾನು ಹೇಳಿದ್ದು!"

"ಹಂಗಾದ್ರೆ ನಿನ್ನ ಹೆಸರು ಎಲ್ಲಿ ಹಾಕಿದ್ದಾಳೆ?"

"ನಂಗ್ಯಾಕೆ ಹೆಸರು?" ಅಂದಳು ಜೇಬಕ್ಕ. ಆದರೆ ಮಾರನೆಯ ದಿನ ಪತ್ರಿಕೆಯನ್ನು ಲಾಂಡ್ರಿಗೆ ಒಯ್ದು ಇಸ್ತ್ರಿಯಣ್ಣನ ಮೂಗಿನ ಕೆಳಗೆ ಹಿಡಿಯದೆ ಇರಲಿಲ್ಲ. ಆ ಹೆಮ್ಮೆಯನ್ನು ನೆನೆಸಿಕೊಂಡರೆ ಆಮೇಲೆ ಎಷ್ಟೋ ದಿನ ಅವಳಿಗೆ ತನ್ನ ಮೈಯೇ ಬೇಡ ಅನ್ನಿಸುತ್ತಿತ್ತು.

ಎರಡನೆಯ ಕಂತೂ ಚೆನ್ನಾಗಿಯೇ ಇತ್ತು. ಮೂರನೆಯದರಲ್ಲಿ ಟಿಕೆಟ್ಟಿನ ಮಡಿಕೆ ಬಿಚ್ಚಿತು. ಕತೆಯಲ್ಲಿನ ಹೆಂಡತಿ ಪ್ರತಿ ಬುಧವಾರ ಆ ಬಸ್ಸು ಹತ್ತಿ ಊರಾಚೆಯ ಚಿತ್ರಕಾರನೊಬ್ಬನ ಮನೆಗೆ ಹೋಗುತ್ತಿದ್ದಳಂತೆ. ಇಟ್ಟಿಗೆ ಬಣ್ಣದ ಕೋಟು ಅವನ ಗೂಟಕ್ಕೆ ನೇತುಬೀಳುತ್ತಿತ್ತಂತೆ. ಗುಂಡಿ ಕಿತ್ತುಹೋದದ್ದು ಹೇಗೆ ಅನ್ನುವುದಕ್ಕೇ ಅರ್ಧ ಪುಟ. ಏನೂ ಅರಿಯದ ಬಡಪಾಯಿ ಗಂಡ ಆ ಟಿಕೆಟ್ಟನ್ನೇ ಎದೆಗೊತ್ತಿಕೊಂಡು ಅಳುತ್ತಾನೆ.

ಜೇಬಕ್ಕ ನಡುವೆಯೇ ನಿಲ್ಲಿಸಿದಳು.

"ಥೂ!" ಅಂದಳು ತಾಯಿ. "ಸತ್ತೋಳ ಮೇಲೆ ಇದೇನೇ ಇದು? ನೀನು ಹೇಳಿದ್ಯಾ ಇದನ್ನೂ?"

"ಇಲ್ಲಮ್ಮಾ. ನಿನ್ನಾಣೆ ಇಲ್ಲ."

"ಮತ್ತೆ ಎಲ್ಲಿಂದ ಬಂತು?"

ಜೇಬಕ್ಕ ಪತ್ರಿಕೆ ಮಡಿಚಿಟ್ಟಳು. ಬಾಯಲ್ಲಿ ಹಳಸಿದ್ದೇನನ್ನೋ ಇಟ್ಟುಕೊಂಡ ಹಾಗಿತ್ತು.

ಮುಂದಿನ ಬುಧವಾರ ಇಸ್ತ್ರಿಯಣ್ಣ ಕೆಂಡದಂಥ ಪೆಟ್ಟಿಗೆಯನ್ನು ಒತ್ತಟ್ಟಿಗಿಟ್ಟು ಅವಳ ಮೇಜಿನ ಹತ್ತಿರ ಬಂದ. ರೇಡಿಯೋ ಆರಿಸಿ ಬಂದಿದ್ದ. ಅಷ್ಟರಲ್ಲೇ ಅವಳಿಗೆ ಗೊತ್ತಾಯಿತು, ಸುದ್ದಿ ಒಳ್ಳೆಯದಲ್ಲ ಅಂತ.

"ಮಾರ್ಕೆಟ್ಟಲ್ಲಿ ಏನಾಗ್ತಿದೆ ಗೊತ್ತಾ? ತಾತ ತಕ್ಕಡಿ ಎತ್ಕೊಂಡು ಹೋಗ್ತಿದ್ರೆ ಈರುಳ್ಳಿ ಮಾರೋರು ಕೂಗ್ತಾರೆ, 'ತಾತಾ, ಇವತ್ತು ಬುಧವಾರ, ಟಿಕೆಟ್ ಆಯ್ತಾ?' ಅಂತ. ಅವರಿಗೆ ಮೊದಲು ಅರ್ಥಾನೇ ಆಗಿಲ್ಲ, ಪಾಪ. ಯಾರೋ ಪತ್ರಿಕೆ ಕೈಗೆ ಕೊಟ್ಟಿದ್ದಾರೆ."

"ಅವರು ಅಂತ ಹೆಂಗೆ ಗೊತ್ತಾಯ್ತು? ನಾನು ಹೆಸರೇ ಹೇಳಿಲ್ಲ! ಕಸುಬೂ ಹೇಳಿಲ್ಲ!"

ಇಸ್ತ್ರಿಯಣ್ಣ ಅವಳನ್ನೇ ನೋಡಿದ. "ಜೇಬಕ್ಕಾ, ಆ ಯಮ್ಮ ಆ ಕೋಟು ಹಾಕ್ಕೊಂಡು ಇಪ್ಪತ್ತು ಚಳಿಗಾಲ ತಕ್ಕಡಿ ಅಂಗಡಿ ಮುಂದೆ ಕೂತಿದ್ಲು. ಊರಲ್ಲಿ ಅರ್ಧ ಜನಕ್ಕೆ ಅವಳ ಹೆಸರು ಗೊತ್ತಿಲ್ಲ. ಕಪ್ಪು ಗುಂಡಿ ಗೊತ್ತಿಲ್ಲದೋರು ಯಾರಿದ್ದಾರೆ? ನೀನು ಹೆಸರೊಂದು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿಬಿಟ್ಟಿದ್ದೀಯಲ್ಲೇ."

ಅವಳು ಸೂಜಿಯನ್ನು ಮೇಜಿನ ಮೇಲಿಟ್ಟಳು. ಇಪ್ಪತ್ತಾರು ವರ್ಷ ಹೆಸರಿಗೆ ಬೀಗ ಹಾಕಿ ಬಟ್ಟೆಯನ್ನು ಬೀದಿಯಲ್ಲಿ ಬಿಟ್ಟಿದ್ದಳು. ಮನುಷ್ಯರನ್ನು ಬಟ್ಟೆಯಿಂದಲೇ ಗುರುತಿಸುವವಳಿಗೆ ಆ ಗುರುತು ಬೇರೆಯವರಿಗೂ ಇರುತ್ತದೆ ಅಂತ ಹೊಳೆದಿರಲಿಲ್ಲ ನೋಡಿ.

ಶುಕ್ರವಾರ ತಾತ ಬಂದರು. ಚಳಿಗೆ ಇನ್ನೂ ನಾಲ್ಕು ತಿಂಗಳಿತ್ತು, ಆದರೂ ಕೋಟು ಕೈಯಲ್ಲಿತ್ತು. ಗಡ್ಡ ಬೋಳಿಸಿರಲಿಲ್ಲ. ಕೌಂಟರಿನ ಮೇಲೆ ಕೋಟನ್ನು ಮಲಗಿಸಿ, ಟಿಕೆಟ್ಟನ್ನು ತಾವೇ ತೆಗೆದು ಬಿಚ್ಚಿ ಅವಳ ಮುಂದೆ ಹಿಡಿದರು. ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗುವುದರಲ್ಲಿತ್ತು. ಅಚ್ಚು ಪೂರ್ತಿ ಅಳಿಸಿಹೋಗಿತ್ತು.

"ಏನಮ್ಮಾ, ಇದು ನಿನ್ನ ಕೈಗೆ ಎಷ್ಟು ಸಲ ಬಂದಿದೆ. ಮೊದಮೊದಲು ಅಕ್ಷರ ಕಾಣ್ತಿದ್ದಿರಬೇಕು. ಎಲ್ಲಿಗೆ ಅಂತ ಇತ್ತು? ನೋಡಿದ್ಯಾ?"

"ಇಲ್ಲ ತಾತಾ. ನಾವು ಬಿಚ್ಚಲ್ಲ."

"ನಾನೂ ಬಿಚ್ಚಿರಲಿಲ್ಲ. ಅವಳು ಮಡಿಚಿದ್ದು ಅಂತ ಬಿಚ್ಚಿರಲಿಲ್ಲ." ಟಿಕೆಟ್ಟನ್ನು ಕೋಟಿನ ಮೇಲೆ ಹರವಿದರು. "ಬುಧವಾರ ಬುಧವಾರ ಅವಳು ಎಲ್ಲಿಗಾದ್ರೂ ಹೋಗ್ತಿದ್ದಳಾ ಅಂತ ಯೋಚನೆ ಮಾಡ್ತಿದ್ದೀನಿ. ಇಲ್ಲ ಅನ್ಸುತ್ತೆ. ಆಮೇಲೆ ಹೂಂ ಅನ್ಸುತ್ತೆ. ಅರವತ್ತು ವರ್ಷ ಗ್ರಾಂ ಲೆಕ್ಕದಲ್ಲಿ ತಕ್ಕಡಿ ಸರಿಮಾಡಿದೋನು ನಾನು. ಇದರಲ್ಲಿ ಮುಳ್ಳು ನಿಲ್ತಾನೇ ಇಲ್ಲಮ್ಮಾ."

ಯಾರು ಹೇಳಿದರು ಅಂತ ಅವರು ಕೇಳಲೇ ಇಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಕೋಟನ್ನು ಅವಳ ಕಡೆಗೆ ತಳ್ಳಿ, "ಇಲ್ಲೇ ಇರಲಿ. ಮನೇಲಿದ್ರೆ ಬೆಳಿಗ್ಗೆಯಿಂದ ಇದನ್ನೇ ಹಿಡ್ಕೊಂಡು ಕೂರ್ತೀನಿ. ಸೋಮವಾರ ಬರ್ತೀನಿ" ಅಂದು ಹೊರಟರು. ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದರು.

ನಲವತ್ತು ವರ್ಷದ ಸಂಸಾರವನ್ನು ಆ ಮುದುಕರು ಈಗ ಒಂದೊಂದೇ ಬುಧವಾರವಾಗಿ ಬಿಚ್ಚಿ ನೋಡುತ್ತಿದ್ದರು. ಅದನ್ನು ನಿಲ್ಲಿಸಬೇಕಿತ್ತು. ಬರೆದವಳೇ ಬಂದು "ಇದು ನಾನು ಕಟ್ಟಿದ್ದು" ಅಂತ ಒಂದು ಮಾತು ಹೇಳಿದರೆ ಸಾಕು ಅನ್ನಿಸಿತು ಜೇಬಕ್ಕನಿಗೆ. ಭಾನುವಾರ ಬೆಳಿಗ್ಗೆಯೇ ವಿಳಾಸ ಕೇಳಿಕೊಂಡು ಹೊರಟಳು.

ಕತೆಯಮ್ಮನ ಮನೆ ಎರಡನೇ ಮಹಡಿಯಲ್ಲಿತ್ತು. ನೆಲದಲ್ಲಿ ಮುಖ ಕಾಣುತ್ತಿತ್ತು. ಬಿಳಿ ಪರದೆ, ಬಿಳಿ ಸೋಫಾ, ಮೇಜಿನ ಮೇಲೆ ಹೂಜಿ, ಒಂದು ಕೂದಲೆಳೆಯೂ ಬಿದ್ದಿಲ್ಲ. ಚಪ್ಪಲಿ ಬಿಟ್ಟ ಕಾಲನ್ನು ಎಲ್ಲಿಡಬೇಕೋ ತಿಳಿಯದೆ ಜೇಬಕ್ಕ ಹೆಬ್ಬೆರಳ ಮೇಲೆ ನಿಂತಳು.

"ಅಕ್ಕಾ! ನೀವೇ ಬಂದ್ರಾ! ಕೂತ್ಕೊಳ್ಳಿ, ಕೂತ್ಕೊಳ್ಳಿ. ಜ್ಯೂಸ್ ಮಾಡ್ತೀನಿ. ಓದ್ತಿದ್ದೀರಾ ತಾನೇ? ಎಷ್ಟು ಕಾಗದ ಬರ್ತಿವೆ ಅಂತೀರಾ! ಮೂರನೇ ಕಂತಿಗೆ ಮೂಟೆ ಬಂದಿದೆ."

ಕತೆಯಮ್ಮ ಒಳಗೆ ಹೋದಳು. ಮೇಜಿನ ಮೇಲೆ ಉದ್ದನೆಯ ಮರದ ಪೆಟ್ಟಿಗೆ ಇತ್ತು, ಮುಚ್ಚಳ ತೆಗೆದಿತ್ತು. ಒಳಗೆ ಸಾಲಾಗಿ ನಿಲ್ಲಿಸಿದ ರಟ್ಟಿನ ಚೀಟಿಗಳು. ಜೇಬಕ್ಕ ಮಡಿಚಿದ್ದನ್ನು ಬಿಚ್ಚುವವಳಲ್ಲ. ಆದರೆ ಇವು ಮಡಿಚಿರಲಿಲ್ಲ, ಅಕ್ಷರ ಮೇಲಕ್ಕೇ ನಿಂತಿದ್ದವು. ಪಕ್ಕದ ಮನೆ ಸೊಸೆ, ಬಾವಿಕಟ್ಟೆ, ಅತ್ತದ್ದು. ಕ್ಷೌರದವನ ತಂಗಿ, ಎರಡನೇ ಮದುವೆ. ನನ್ನ ತಮ್ಮನ ಹೆಂಡತಿ, ಗರ್ಭ ಹೋದದ್ದು, ಡೈರಿಯಿಂದ. ಕೋಟು, ಮುದುಕ, ಟಿಕೆಟ್, ಬಳಸಿದೆ. ಅದರ ಹಿಂದೆಯೇ ಇನ್ನೊಂದು: ಜೇಬು ತಡಕುವ ಹೆಂಗಸು. ಅಂಗಿ ಬಂತು, ಗಂಡ ಬರಲಿಲ್ಲ. ಒಂಟಿ, ಮಾತಿಗೆ ಹಸಿದಿದ್ದಾಳೆ. ಹಾಸ್ಯಕ್ಕೆ ಚೆನ್ನ.

ಎರಡು ಸಲ ಓದಿಕೊಂಡಳು. ತನ್ನದೇ ಮೈಯಿಂದ ಯಾರೋ ಏನೋ ತೆಗೆದು ಶೀಷೆಯಲ್ಲಿಟ್ಟ ಹಾಗಿತ್ತು.

ಕತೆಯಮ್ಮ ಎರಡು ಗ್ಲಾಸು ಹಿಡಿದು ಬಂದಾಗ ಜೇಬಕ್ಕ ಪೆಟ್ಟಿಗೆಯ ಮುಂದೆಯೇ ನಿಂತಿದ್ದಳು. ಆಕೆಗೇನೂ ಅನ್ನಿಸಲಿಲ್ಲ. "ಓ, ನೋಡಿದ್ರಾ? ಅದೇ ನನ್ನ ಗದ್ದೆ" ಅಂದಳು ನಗುತ್ತ.

"ಬೆಳದಿಂಗಳು ಅಂತ ಬರೆದಿದ್ರಿ."

"ಮತ್ತೇನು ಬರೀಲಿ ಅಕ್ಕಾ? ಪಕ್ಕದ ಮನೆ ಸೊಸೆ ಅಂತ ಬರೀಲಾ?"

ಜೇಬಕ್ಕ ಗ್ಲಾಸು ಮುಟ್ಟಲಿಲ್ಲ. ಬಂದ ವಿಷಯ ಹೇಳಿದಳು. ಕೋಟಿನವರು ಊರಲ್ಲೇ ಇದ್ದಾರೆ, ಜನ ಗುರುತು ಹಿಡಿದಿದ್ದಾರೆ, ಅವರು ಹೆಂಡತಿಯನ್ನು ಅನುಮಾನಿಸುತ್ತ ಕೂತಿದ್ದಾರೆ. "ಒಂದು ಸಲ ಬನ್ನಿ. ಚಿತ್ರಕಾರನ್ನ ನಾನೇ ಕಟ್ಟಿದ್ದು ಅಂತ ಅವರೆದುರಿಗೆ ಹೇಳಿ. ಅಷ್ಟೇ."

"ಕಟ್ಟಿದ್ದೇ ಅಲ್ವಾ? ಅದು ಕತೆ ಅಂತ ಎಲ್ಲರಿಗೂ ಗೊತ್ತು. ಬರೀ ಅಳೋ ಮುದುಕನ್ನ ಇಟ್ಕೊಂಡು ಇಪ್ಪತ್ತು ಕಂತು ಎಳೆಯೋಕಾಗುತ್ತಾ? ಕತೆಗೆ ಒಂದು ತಿರುವು ಬೇಕಿತ್ತು ಅಕ್ಕಾ."

"ಅದನ್ನೇ ಬಂದು ಹೇಳಿ."

"ನಾನು ಮನೆ ಮನೆಗೆ ಹೋಗಿ ಹೇಳ್ಕೊಂಡು ಬಂದ್ರೆ ಆಯ್ತಾ? ನಾಳೆ ಇನ್ನೊಬ್ಬರು ಬರ್ತಾರೆ." ಸ್ವಲ್ಪ ತಡೆದು ಆಕೆ ಮುಂದಕ್ಕೆ ಬಾಗಿದಳು. ಗಲ್ಲಕ್ಕೆ ಕೈ ಬಂತು, ಕಣ್ಣು ಅರಳಿತು. "ಅನುಮಾನ ಪಡ್ತಿದ್ದಾರಾ? ಟಿಕೆಟ್ ಹಿಡ್ಕೊಂಡು ಕೂರ್ತಾರಾ? ಆಮೇಲೆ ಅಕ್ಕಾ?"

ಇನ್ನೊಂದು ಕೈ ಪೆನ್ಸಿಲು ಹುಡುಕುತ್ತಿತ್ತು.

ಜೇಬಕ್ಕ ಆ ಕೈಯನ್ನು ನೋಡಿದಳು. ಬೆಳ್ಳಗೆ, ಮೆತ್ತಗೆ, ಉಗುರಿನ ಸಂದಿಯಲ್ಲಿ ಒಂದು ಕಣ ಕೊಳೆ ಇಲ್ಲ. ಇಪ್ಪತ್ತಾರು ವರ್ಷದ ಹೊಲಸಿಗೆ ಮಿಸುಕದ ಹೊಟ್ಟೆ ಆಗ ಒಂದೇ ಸಲ ಗಂಟಲಿಗೆ ಬಂತು. ಬಾಯಿಗೆ ಸೆರಗು ಒತ್ತಿಕೊಂಡು ಬಾಗಿಲ ಕಡೆ ನಡೆದಳು.

"ಅಕ್ಕಾ, ಏನಾಯ್ತು? ಜ್ಯೂಸು..."

"ನನ್ನನ್ನ ಅಕ್ಕ ಅನ್ನಬೇಡಿ" ಅಂದಳು. ಮೆಟ್ಟಿಲ ಕೆಳಗೆ ಚರಂಡಿಯ ಪಕ್ಕ ಕೂತು ಸುಧಾರಿಸಿಕೊಂಡಳು. ಚರಂಡಿ ಹಿತವಾಗಿತ್ತು.

ದಾರಿಯುದ್ದಕ್ಕೂ ಒಂದೇ ಯೋಚನೆ. ಆಕೆ ಬರುವುದಿಲ್ಲ. ಸೋಮವಾರ ತಾತ ಬರುತ್ತಾರೆ. ಮನೆ ತಲುಪುವಷ್ಟರಲ್ಲಿ ಅವಳ ತಲೆಯಲ್ಲಿ ಒಂದು ಉಪಾಯ ಸಿದ್ಧವಾಗಿತ್ತು. ಆ ಟಿಕೆಟ್ಟು ಲಾಂಡ್ರಿಗೆ ಬಂದ ಬಸ್ಸಿನದೇ ಅಂತ ಹೇಳಿಬಿಡುವುದು. ಗಂಡನ ಬಟ್ಟೆ ಕೊಡಲು ಆಕೆ ಬಸ್ಸಿನಲ್ಲಿ ಬರುತ್ತಿದ್ದಳು ಅನ್ನುವುದು. ಯಾರಿಗೆ ನಷ್ಟ?

ಸೋಮವಾರ ಹತ್ತು ಗಂಟೆಗೆ ತಾತ ಕೌಂಟರಿನ ಮುಂದೆ ನಿಂತರು. ಕೋಟನ್ನೂ ಟಿಕೆಟ್ಟನ್ನೂ ಅವರ ಮುಂದಿಟ್ಟು ಜೇಬಕ್ಕ ಶುರುಮಾಡಿದಳು.

"ತಾತಾ, ನಂಗೆ ಈಗ ನೆನಪಾಯ್ತು. ನಿಮ್ಮ ಮನೆಯೋರು ಇಲ್ಲಿಗೇ ಬರ್ತಿದ್ರು. ನಿಮ್ಮ ಪ್ಯಾಂಟು ಕೊಡೋಕೆ. ಬಸ್ಸಲ್ಲಿ ಬಂದು, ಇಲ್ಲೇ ಈ ಬೆಂಚಲ್ಲಿ ಕೂತು..."

ತಾತನ ಮುಖ ಅರಳಿತು. ಒಣಗಿದ ಬಟ್ಟೆಗೆ ನೀರು ಚಿಮುಕಿಸಿದ ಹಾಗೆ ಸುಕ್ಕೆಲ್ಲ ಸಡಿಲವಾದವು. "ಹೌದಾ? ಇಲ್ಲಿಗಾ? ಬುಧವಾರನಾ?"

"ಹೂಂ. ಬುಧವಾರ. ನಮ್ಮೋರಿಗೆ ಇಸ್ತ್ರಿ ಗೀಟು ಚೂಪಾಗಿರಬೇಕು ಅಂತ..." ಎಷ್ಟು ಸಲೀಸಾಗಿ ಬರುತ್ತಿತ್ತು! ಒಂದರ ಹಿಂದೆ ಒಂದು, ಸಿಹಿಯಾಗಿ, ಎದುರಿದ್ದವರ ಕಣ್ಣು ಅರಳಿದಷ್ಟೂ ಇನ್ನಷ್ಟು. ತಾತ ಬಾಯಿ ತೆರೆದರು: "ಆಮೇಲೆ?"

ಜೇಬಕ್ಕನ ನಾಲಿಗೆ ಅಲ್ಲೇ ನಿಂತಿತು. ನೆನ್ನೆಯ ವಾಕರಿಕೆ ಮತ್ತೆ ಮೇಲೆ ಬಂತು, ಈ ಸಲ ತನ್ನ ಬಾಯಿಯ ಮೇಲೆಯೇ.

"ಇಲ್ಲ ತಾತಾ. ಸುಳ್ಳು. ಈಗ ಹೇಳಿದ್ದೆಲ್ಲ ಸುಳ್ಳು. ಅವರು ಇಲ್ಲಿಗೆ ಬಂದದ್ದು ನಾನು ಒಂದು ದಿನವೂ ನೋಡಿಲ್ಲ. ಆ ಟಿಕೆಟ್ಟು ಎಲ್ಲಿಯದೋ ನಂಗೆ ಗೊತ್ತಿಲ್ಲ. ಪತ್ರಿಕೇಲಿ ಬರೆದೋಳಿಗೂ ಗೊತ್ತಿಲ್ಲ, ಚಿತ್ರಕಾರನ್ನ ಅವಳೇ ಕಟ್ಟಿದ್ದು, ನನ್ನೆದುರಿಗೆ ಒಪ್ಪಿಕೊಂಡ್ಲು. ಕೋಟಿನ ವಿಷಯ ಅವಳಿಗೆ ಹೇಳಿದ್ದು..." ಕೋಟಿನ ಮೇಲಿಂದ ಕೈ ತೆಗೆದಳು. "ನಾನೇ."

ಒಳಗೆ ಇಸ್ತ್ರಿ ಪೆಟ್ಟಿಗೆಯ ಸದ್ದು ನಿಂತಿತು. ತಾತ ಕೋಟನ್ನು ತಮ್ಮ ಕಡೆಗೆ ಎಳೆದುಕೊಂಡರು. ಮತ್ತೆ ಮಾತಾಡಿದಾಗ ಏಕವಚನ ಹೋಗಿತ್ತು.

"ಅವರಿಗೆ ಏನು ಹೇಳಿದ್ರಿ? ಹೇಗೆ ಹೇಳಿದ್ರೋ ಹಾಗೇ ಹೇಳಿ. ಒಂದು ಮಾತೂ ಹೆಚ್ಚು ಕಮ್ಮಿ ಬೇಡ."

ನೀವು ಅಂದರಲ್ಲ, ಅದು ಬೈಗುಳಕ್ಕಿಂತ ಆಳಕ್ಕೆ ಇಳಿಯಿತು. ಅವರದೇ ಕತೆಯನ್ನು ಅವರೆದುರಿಗೇ ನಿಂತು ಹೇಳಿದಳು. ಕೂಸಿನ ಹಾಗೆ ಎತ್ತಿಕೊಂಡು ಬರುತ್ತಾರೆ ಅನ್ನುವಾಗ ತಲೆ ಎತ್ತಲಾಗಲಿಲ್ಲ. ಕತೆಯಮ್ಮನ ಮುಂದೆ ಅಷ್ಟು ಚೆಂದ ಇದ್ದ ಮಾತುಗಳು ಈಗ ಒಂದೊಂದೂ ಯಾರದೋ ಒಳಬಟ್ಟೆಯನ್ನು ಬೀದಿಯಲ್ಲಿ ಹರವಿದ ಹಾಗಿದ್ದವು. ತಾತ ಎರಡು ಕಡೆ ತಡೆದರು. "ಎಡ ಮೊಣಕೈಯ ರಫೂ ಅವಳು ಹಾಕಿದ್ದು ಅಂದ್ರಾ? ಅಲ್ಲ. ನಾನು ಹಾಕಿದ್ದು." ಇನ್ನೊಮ್ಮೆ: "ಅವಳು ಹೋಗಿ ಏಳು ವರ್ಷ ಅಲ್ಲ, ಎಂಟು."

ಮುಗಿಯಿತು.

"ಇಷ್ಟೇನಾ?"

"ಇಷ್ಟೇ ತಾತಾ."

"ನಾನು ಕೋಟು ತರೋದು, ಕೊಡೋದು, ಒಯ್ಯೋದು. ಇದರಲ್ಲಿ ಅವಳೆಲ್ಲಿದ್ದಾಳೆ?"

ಜೇಬಕ್ಕ ಯೋಚಿಸಿದಳು. "ಇಲ್ಲ. ಅವರ ಬಗ್ಗೆ ನಂಗೇನು ಗೊತ್ತಿತ್ತು ಹೇಳೋಕೆ?"

"ಅವಳು ಆಡಿದ್ದು, ನಕ್ಕಿದ್ದು, ಒಂದೂ ಇಲ್ಲ."

"ಒಂದೂ ಇಲ್ಲ."

ತಾತ ತಲೆಯಾಡಿಸಿದರು. ಮುಳ್ಳು ನಿಂತದ್ದನ್ನು ನೋಡಿದವರ ಹಾಗೆ. "ಹಾಗಾದ್ರೆ ಹೊರಗೆ ಹೋಗಿದ್ದು ನಾನು. ಅವಳು ಹೋಗಿಲ್ಲ. ಆ ಬುಧವಾರದೋಳು ಯಾರೋ ಬೇರೆ. ನಮ್ಮನೆಯೋಳಲ್ಲ." ಟಿಕೆಟ್ಟನ್ನು ಹಳೇ ಮಡಿಕೆಯ ಗುರುತಿನಲ್ಲೇ ಮಡಿಚಿ ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡರು. "ಎಲ್ಲಿಗೆ ಹೋಗಿದ್ದಳೋ, ಗೊತ್ತಿಲ್ಲ. ಇಷ್ಟು ವರ್ಷ ಗೊತ್ತಿಲ್ಲದೇ ಇಟ್ಕೊಂಡಿದ್ದೆ. ಇನ್ನೂ ಇಟ್ಕೊಳ್ತೀನಿ."

ಕೋಟನ್ನು ಎತ್ತಿಕೊಂಡರು.

"ತಾತಾ, ಧೂಳಾಗಿದೆ. ಇವತ್ತೇ ಕೊಡವಿ..."

"ಬೇಡಿ. ಇನ್ನು ಮನೇಲೇ ಕೊಡವಿಕೊಳ್ತೀನಿ. ನಿಮ್ಮ ಕೈಗೆ ಕೊಡಲ್ಲ."

ಕೂಗಾಡಲಿಲ್ಲ, ಶಾಪ ಹಾಕಲಿಲ್ಲ. ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯಲಿಲ್ಲ. ಜೇಬಕ್ಕ ಅವರ ಬೆನ್ನು ತಿರುವಿನಲ್ಲಿ ಮರೆಯಾಗುವ ತನಕ ನಿಂತಿದ್ದಳು. ಆ ಚಳಿಗಾಲ ಅವರು ಬರಲಿಲ್ಲ. ಮುಂದಿನ ಚಳಿಗೂ ಬರಲಿಲ್ಲ. ಮಾರುಕಟ್ಟೆಯಲ್ಲಿ ಎದುರಾದರೆ ನೇರ ನೋಡಿಕೊಂಡು ಹೋಗುತ್ತಿದ್ದರು, ಅವಳ ಜಾಗದಲ್ಲಿ ಯಾರೂ ಇಲ್ಲದ ಹಾಗೆ.

ಆ ಗುರುವಾರ ಅವಳು ಪತ್ರಿಕೆ ತರದೆ ಮನೆಗೆ ಬಂದಳು. ತಾಯಿ ಕತ್ತಲಾಗುವ ಮೊದಲೇ ಗೋಡೆಗೊರಗಿ ಸಿದ್ಧವಾಗಿ ಕೂತಿದ್ದಳು.

"ತಂದ್ಯಾ?"

"ಇಲ್ಲ. ಇನ್ನು ತರಲ್ಲ."

"ಒಳ್ಳೇದೇ ಮಾಡ್ದೆ ಬಿಡು. ಥೂ, ಹೊಲಸು" ಅಂದಳು ತಾಯಿ. ಬೆರಳುಗಳು ಸೆರಗಿನ ತುದಿಯನ್ನು ಸುತ್ತಿ ಸುತ್ತಿ ಬಿಚ್ಚುತ್ತಿದ್ದವು. "ಅಲ್ಲ ಕಣೇ, ಅದಿರಲಿ, ಆ ಮುದುಕ ನಿಜವಾಗ್ಲೂ ಬಂದಿದ್ನಂತಲ್ಲ. ಏನಂದ? ಇಸ್ತ್ರಿಯಣ್ಣ ಬಂದು ಅರ್ಧಕ್ಕೇ ಹೇಳಿ ಹೋದ. ಟಿಕೆಟ್ಟು ಎಲ್ಲಿಯದಂತೆ? ಹೇಳೇ, ನಾನೇನು ಹೊರಗಿನವಳಾ?"

ಜೇಬಕ್ಕ ಒಲೆಗೆ ಬೆಂಕಿ ಹಚ್ಚಿದಳು.

"ಏನೇ? ಆಮೇಲೆ ಏನಾಯ್ತು?"

"ಊಟಕ್ಕೆ ಏಳಮ್ಮಾ" ಅಂದಳು ಜೇಬಕ್ಕ. ಎರಡು ತಟ್ಟೆ ಹಾಕಿದಳು.